ಕೇಬಲ್ ಕಾರಿನಲ್ಲಿ ಹೆಣ್ಣು ತೋರಿಸಿದ ಐಲ್ಯಾಂಡ್ ಅತ್ತೆ

ಇವತ್ತು ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಕೆಳಗಿನ ಲಾಂಡ್ರಿ ರೂಮಿಗೆ ಹೋಗಿ ಬಟ್ಟೆ ಹಾಕಿ ಬಂದೆ. ಮಗಳ ಈಜಿನ ಚೀಲದಲ್ಲಿ ಮುದುಡಿ ಕೂತಿದ್ದ ಒದ್ದೆ ಟವೆಲ್ ತೆಗೆದು ಹರವಿದೆ. ನಮ್ಮವರ ಮಧ್ಯಾಹ್ನದ ಡಬ್ಬಿಗೆ ಚಪಾತಿ, ಹುರುಳಿಕಾಯಿ ಪಲ್ಯ ಹಾಕಿ ಕಳಿಸಿದೆ. ಕ್ರಾಸ್‌ರೋಡ್ಸಿನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು, ದೊಡ್ಡ ಕಸದ ಚೀಲಗಳ ಒಂದು ಸುರುಳಿ ತಂದೆ. ಕಸದ ಚೀಲ ನಮ್ಮ ಮನೆಗಲ್ಲ. ಅಲ್ಲಿಂದ ಹಾಗೇ ಸರೋವರದ ನಡುವಿನ ಮರ್ಸರ್ ಐಲ್ಯಾಂಡಿಗೆ ಹೋಗಿ, ಐಲ್ಯಾಂಡ್ ಅತ್ತೆಯ ಮನೆ ಖಾಲಿ ಮಾಡುವುದಕ್ಕೆ ಅವರ ಮಗನಿಗೂ ಸೊಸೆಗೂ ಸಂಜೆಯವರೆಗೆ ಕೈಜೋಡಿಸಿದೆ. ಅತ್ತೆ ಹೋಗಿ ಒಂದು ತಿಂಗಳಾಯಿತು.

ಬಚ್ಚಲಿನ ಕಪಾಟಿನಲ್ಲಿ ಕಣ್ಣುಕಪ್ಪಿನ ಪೆನ್ಸಿಲ್ಲಿನ ತುಂಡೊಂದು ಸಿಕ್ಕಿತು. ಸೊಸೆ ಈ ದೇಶದವಳು, ಕನ್ನಡ ಬಾರದು. ಅತ್ತೆ ಕಣ್ಣಿಗೆ ಏನೂ ಹಚ್ಚಿಕೊಂಡದ್ದನ್ನು ನಾನು ನೋಡೇ ಇಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಆಶ್ಚರ್ಯಪಟ್ಟಳು. ಅದು ಕಣ್ಣಿಗಲ್ಲ, ಹುಬ್ಬಿಗೆ ಎಂದು ನಾನು ಹೇಳಬೇಕಾಯಿತು.

ಅತ್ತೆಯ ಎಡ ಹುಬ್ಬು ಅರ್ಧವೇ ಇತ್ತು. ಯೂನಿವರ್ಸಿಟಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಗ ಬಿಸಿ ಆವಿ ಮುಖಕ್ಕೆ ಹೊಡೆದದ್ದಂತೆ. ಮೂಗಿನ ಕಡೆಯ ಅರ್ಧ ಉಳಿಯಿತು, ಕಿವಿಯ ಕಡೆಯದು ಮತ್ತೆ ಬೆಳೆಯಲೇ ಇಲ್ಲ. ದಿನಾ ಹಾಗೇ ಓಡಾಡುತ್ತಿದ್ದರು. ಯಾವುದಾದರೂ ಹುಡುಗನನ್ನೂ ಹುಡುಗಿಯನ್ನೂ ಭೇಟಿ ಮಾಡಿಸುವ ದಿನ ಮಾತ್ರ ಪೆನ್ಸಿಲ್ಲಿನಿಂದ ತಿದ್ದಿ ಪೂರ್ತಿ ಮಾಡಿಕೊಳ್ಳುವರು. ಹಾಗಾಗಿ ಅಂಗಡಿಯಲ್ಲೋ ಯಾರದಾದರೂ ಹುಟ್ಟುಹಬ್ಬದಲ್ಲೋ ಎದುರಾದರೆ ನಾವು ಹೆಂಗಸರೆಲ್ಲ ಮೊದಲು ನೋಡುತ್ತಿದ್ದದ್ದು ಅವರ ಹುಬ್ಬನ್ನು. ಪೂರ್ತಿ ಇದೆ ಎಂದರೆ ಇವತ್ತು ಯಾರದೋ ಮದುವೆ ಮಾತಿದೆ ಎಂದರ್ಥ. ಯಾಕತ್ತೆ ಅವತ್ತು ಮಾತ್ರ ಬರ್ಕೋತೀರಿ ಎಂದು ಒಮ್ಮೆ ಕೇಳಿದ್ದೆ. "ಮುಖಾನೇ ಅರ್ಧ ಇರೋಳು ತಂದ ಸಂಬಂಧಾನೂ ಅರ್ಧಕ್ಕೇ ನಿಂತೀತು ಅಂತ ಬೀಗರು ಅಂದ್ಕೋಬಾರದಲ್ಲ ಕಣೇ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಅವರ ಮುಖ ನೋಡಿದರೆ ಎಂದೂ ಗೊತ್ತಾಗುತ್ತಿರಲಿಲ್ಲ.

ಅವರು ನನಗೆ ನೆಂಟರಲ್ಲ. ಎಪ್ಪತ್ತರ ದಶಕದಲ್ಲಿ ಇಲ್ಲಿನ ವಿಮಾನ ಕಾರ್ಖಾನೆಯ ಇಂಜಿನಿಯರ್ ಗಂಡನ ಜೊತೆ ಮೈಸೂರಿನಿಂದ ಬಂದವರು. ಆಗ ಈ ಊರಿನ ಕನ್ನಡದವರನ್ನೆಲ್ಲ ಒಂದೇ ಕಾರಿನಲ್ಲಿ ಕೂರಿಸಿ ಪಿಕ್‌ನಿಕ್ಕಿಗೆ ಹೋಗಬಹುದಿತ್ತು ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಐಲ್ಯಾಂಡಿನ ಅದೇ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮಂಥ ಸಾಫ್ಟ್‌ವೇರಿನವರ ಸಂಸಾರಗಳು ಬಂದು ಅಪಾರ್ಟ್‌ಮೆಂಟುಗಳು ತುಂಬಿಕೊಂಡಾಗ, ಯಾರದೋ ಮಗು ಇವರನ್ನು 'ಐಲ್ಯಾಂಡ್ ಅತ್ತೆ' ಎಂದಿತು. ಅದೇ ಉಳಿಯಿತು. ಅವರ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ಮದುವೆ ಮಾಡಿಸುವುದು ಅವರಿಗೆ ಹೇಗೆ ಅಂಟಿಕೊಂಡಿತೋ. ಯಾರ ಹತ್ತಿರವೂ ಒಂದು ಸೀರೆಯನ್ನೂ ತೆಗೆದುಕೊಂಡವರಲ್ಲ. ಆದರೆ ಹುಡುಗಿಯನ್ನು ಮನೆಯಲ್ಲಿ ಕೂರಿಸಿ ತೋರಿಸುವುದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ. ಸೋಫಾದ ಮೇಲೆ ಕೂತು ಕೇಸರಿಬಾತು ತಿನ್ನುವಾಗ ಎಲ್ಲರೂ ಒಳ್ಳೆಯವರೇ ಎನ್ನುವುದು ಅವರ ವಾದ. ಎಲ್ಲಾದರೂ ಕರೆದುಕೊಂಡು ಹೋಗಬೇಕು, ಏನಾದರೊಂದರ ಮೇಲೆ ಹತ್ತಿಸಬೇಕು. ಅದೂ ಜನ ಹತ್ತದೆ ಖಾಲಿ ಓಡುವ ಗಾಡಿಯೇ ಆಗಬೇಕು. ಊರಿನವರು ಇಷ್ಟು ಕಷ್ಟಪಟ್ಟು ಕಟ್ಟಿಸಿದ್ದಾರೆ, ಪಾಪ, ಅದು ಬರಿದೇ ಹೋಗಿ ಬರಿದೇ ಬರುತ್ತದೆ ಎಂದು ನಿಜವಾಗಿ ಮರುಗುತ್ತಿದ್ದರು. ಪೇಟೆಯ ಬೀದಿಯಲ್ಲಿ ಹೊಸದಾಗಿ ಬಿಟ್ಟ ಟ್ರಾಮು, ಮಳೆಗಾಲದ ಮೋನೊರೈಲು, ವಾರದ ನಡುವಿನ ಮಧ್ಯಾಹ್ನದ ದೋಣಿ ಇವುಗಳಲ್ಲಿ ನಮ್ಮ ಪರಿಚಯದ ಎಷ್ಟು ಮದುವೆಗಳು ಕೂಡಿಬಂದವೋ. ಒಬ್ಬ ಹುಡುಗ ಅವರ ಹತ್ತಿರ, ಆಂಟಿ, ಒಂದು ಕಾಫಿ ಶಾಪಿನಲ್ಲಿ ಕೂತು ಮಾತಾಡಬಾರದಾ ಎಂದು ಕೇಳಿದ್ದಕ್ಕೆ, ಕಾಫಿ ಶಾಪಿನಿಂದ ಎದ್ದು ಹೋಗಬಹುದಪ್ಪ, ದೋಣಿಯಿಂದ ಎಲ್ಲಿಗೆ ಹೋಗ್ತೀಯ ಎಂದಿದ್ದರಂತೆ.

ನನ್ನ ತಂಗಿಯ ವಿಷಯ ಇವರ ಕೈಗೆ ಬಂದದ್ದು ಎರಡು ಸಾವಿರದ ಹದಿಮೂರರಲ್ಲಿ. ಅವಳಿಗೆ ಮೈಸೂರಿನಲ್ಲಿ ಮದುವೆಯಾಗಿ, ವರ್ಷ ಕಳೆಯುವುದರೊಳಗೆ ಮುರಿದಿತ್ತು. ಆ ಮನುಷ್ಯ ಕುಡಿಯುವವನಲ್ಲ, ಹೊಡೆಯುವವನಲ್ಲ. ಕೆಲಸ ಹೋದದ್ದನ್ನು ಹೇಳದೆ ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೊರಟು ಸಂಜೆ ವಾಪಸು ಬರುತ್ತಿದ್ದ, ಅಷ್ಟೇ. ಗೊತ್ತಾದ ಮೇಲೂ ಇಲ್ಲ ಎಂದೇ ಸಾಧಿಸಿದ. ಅದಾದ ಮೇಲೆ ತಂಗಿ ಇಲ್ಲಿ ಕೆಲಸ ಹುಡುಕಿಕೊಂಡು ಬಂದು ನಮ್ಮ ಜೊತೆಗೇ ಇದ್ದಳು. ಅಮ್ಮ ಮೈಸೂರಿನಿಂದ ಫೋನಿನಲ್ಲಿ ಅಳುವುದು, ನಾನು ಇಲ್ಲಿ ಸಂಬಂಧ ಹುಡುಕುವುದು, ಗಂಡಿನವರು ಬರುವುದು, ಹಿಂದಿನ ಮದುವೆಯ ವಿಷಯ ಕೇಳಿ ಕಾಫಿ ಲೋಟ ಕೆಳಗಿಡುವುದು. ಹೀಗೇ ನಡೆದಿತ್ತು. ಕಡೆಗೆ ಒಂದು ದಿನ ತಂಗಿ ಪಾತ್ರೆ ಒರೆಸುತ್ತಾ, ಇನ್ನೊಂದು ಸಲ ನಿಲ್ತೀನಿ, ನಿನಗೋಸ್ಕರ, ಅಮ್ಮನಿಗೋಸ್ಕರ. ಅದಾದ ಮೇಲೆ ಯಾರ ಮುಂದೆಯೂ ನಿಲ್ಲಲ್ಲ, ನೀವು ಕೇಳಲೂಬಾರದು ಎಂದಳು. ಅವಳು ಅಂದರೆ ಅಂದದ್ದೇ. ಆ ಒಂದು ಸಲವನ್ನು ನಾನು ಐಲ್ಯಾಂಡ್ ಅತ್ತೆಯ ಕೈಗಿಟ್ಟೆ.

ಅತ್ತೆ ಹುಡುಕಿದ ಹುಡುಗ ಹುಬ್ಬಳ್ಳಿಯವನು, ಇಲ್ಲಿಂದ ಕಾರಿನಲ್ಲಿ ಮೂರು ಗಂಟೆ ದೂರದ ಪೋರ್ಟ್‌ಲ್ಯಾಂಡಿನಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯಲ್ಲಿ ಕೆಲಸ. ಹುಡುಗ ಎಂದೆ, ಮದುವೆಯ ಮಾತಿನಲ್ಲಿ ನಲವತ್ತು ತುಂಬಿದವನೂ ಹುಡುಗನೇ. ತಾಯಿ ಊರಿನಿಂದ ಬಂದಿದ್ದರು. ತಂಗಿಯ ಹಿಂದಿನ ಮದುವೆಯ ವಿಷಯವನ್ನು ಅತ್ತೆ ಮೊದಲ ಫೋನಿನಲ್ಲೇ ಹೇಳಿದ್ದರು, ಅವರು ಅದಕ್ಕೇನು ಎಂದಿದ್ದರು. ಅಷ್ಟಕ್ಕೇ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಭೇಟಿ ಎಲ್ಲಿ? ಪೋರ್ಟ್‌ಲ್ಯಾಂಡಿನಲ್ಲಿ ಊರಿನಿಂದ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವ ಕೇಬಲ್ ಕಾರಿದೆ, ಅದರಲ್ಲಿ ಎಂದರು ಅತ್ತೆ. ವಾರದ ದಿನಗಳಲ್ಲಿ ಆಸ್ಪತ್ರೆಯವರು ತುಂಬಿರುತ್ತಾರೆ, ಶನಿವಾರ ಮಾತ್ರ ಪಾಪ ಖಾಲಿ ನೇತಾಡುತ್ತದೆ ಎಂದರು.

ಹೆಣ್ಣಿನ ಕಡೆಯವರು ನಾವೇ ಗಂಡಿನ ಊರಿಗೆ ಹೋಗುವುದು ಹೇಗತ್ತೆ ಎಂದು ನಾನು ಎಳೆದೆ.

"ಅವರ ಮನೆಗೆಲ್ಲಿ ಹೋಗ್ತಿದೀವಿ? ಗಾಳಿಲಿ ನೇತಾಡೋ ಜಾಗ ಯಾರ ಮನೆನೂ ಅಲ್ಲ."

ಇಬ್ಬರನ್ನೇ ಕಳಿಸುವುದಾ ಎಂದೆ.

"ಇಬ್ಬರೇ ಎಲ್ಲೇ? ಕಾರು ನಡೆಸೋನು ಒಬ್ಬ ಒಳಗೇ ನಿಂತಿರ್ತಾನೆ. ಅವನಿಗೆ ಕನ್ನಡ ಬರಲ್ಲ. ಇದಕ್ಕಿಂತ ಒಳ್ಳೆ ವ್ಯವಸ್ಥೆ ನಮ್ಮ ಮೈಸೂರಲ್ಲೂ ಸಿಗಲ್ಲ."

ಆ ಶನಿವಾರ ಅತ್ತೆಯೇ ಕಾರು ಓಡಿಸಿದರು. ಆಗಲೇ ಎಪ್ಪತ್ತು ದಾಟಿತ್ತು. ಹುಬ್ಬು ಪೂರ್ತಿ ಇತ್ತು. ಮುಂದಿನ ಸೀಟಿನಲ್ಲಿ ನಾನು, ಹಿಂದೆ ತಂಗಿ. ಅತ್ತೆ ವೇಗವಾಗಿ ಹೋಗುವವರ ಎಡಗಡೆಯ ಲೇನಿನಲ್ಲಿ ನಿಧಾನವಾಗಿ ಹೋಗುವುದು, ಹಿಂದಿನವರು ದೀಪ ಮಿಣುಕಿಸುವುದು, ಏನವಸರ ಇವರಿಗೆಲ್ಲ ಎಂದು ಅತ್ತೆ ಕನ್ನಡಿಯಲ್ಲಿ ನೋಡುವುದು. ದಾರಿಯಲ್ಲಿ ಸಿಗುವ ಒಲಿಂಪಿಯಾ ಊರು ದಾಟುವ ಹೊತ್ತಿಗೆ ಹಿಂದೆ ತಿರುಗಿ ನೋಡಿದರೆ ತಂಗಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ಅವಳ ಕೈ ಚೂಡಿದಾರದ ವೇಲನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿತ್ತು. ಇವತ್ತು ಆಗಲಿಲ್ಲವೆಂದರೆ ಇವಳು ಇನ್ನು ಹೀಗೇ ಎಂದು ನಾನು ಆಗಲೇ ಮುಂದಿನ ಇಪ್ಪತ್ತು ವರ್ಷವನ್ನು ಕಣ್ಣ ಮುಂದೆ ತಂದುಕೊಂಡು ಕೂತಿದ್ದೆ. ನನ್ನ ಸ್ವಭಾವವೇ ಹಾಗೆ, ಒಗ್ಗರಣೆಗೆ ಸಾಸಿವೆ ಹಾಕುವ ಮೊದಲೇ ಸೀದ ವಾಸನೆ ಬರುತ್ತದೆ ನನಗೆ.

ಹುಡುಗ ಮತ್ತು ತಾಯಿ ನಮಗಿಂತ ಮೊದಲೇ ಬಂದು ನಿಂತಿದ್ದರು. ಎತ್ತರದ ಆಳು, ಮಾತು ಕಡಿಮೆ. ತಂಗಿಗೂ ನನಗೂ ನಮಸ್ಕಾರ ಮಾಡಿದ. ಹಣೆಯಲ್ಲಿ ಬೆವರಿತ್ತು. ಬಿಸಿಲು ಅಂಥದ್ದೇನಿರಲಿಲ್ಲ. ಪಾಪ, ಹೆಣ್ಣು ನೋಡುವ ಸಂಕೋಚ ಇರಬೇಕು ಎಂದುಕೊಂಡೆ. ತಾಯಿ ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು ಹಾಕಿಕೊಂಡಿದ್ದರು. ತಂಗಿಯನ್ನು ನೋಡಿ ಕೈ ಹಿಡಿದುಕೊಂಡು, ದಾರ್ಯಾಗ ಏನರೆ ತಿಂದಿಯೇನವಾ ಎಂದು ಮೊದಲ ಮಾತು ಕೇಳಿದರು. ಮನಸ್ಸಿಗೆ ಹಿಡಿಸಿತು.

ಕೇಬಲ್ ಕಾರು ನಾನು ಅಂದುಕೊಂಡಷ್ಟು ಚಿಕ್ಕದಲ್ಲ, ಒಂದು ಸಣ್ಣ ಬಸ್ಸಿನಷ್ಟಿತ್ತು. ಬೆಳ್ಳಿಯ ಬಣ್ಣ, ಸುತ್ತ ಗಾಜು, ಕೂರುವುದಕ್ಕೆ ಜಾಗವಿಲ್ಲ, ನಿಂತೇ ಹೋಗಬೇಕು. ಅಂಥವು ಎರಡಿವೆ. ಒಂದು ಮೇಲೆ ಹೊರಟಾಗ ಇನ್ನೊಂದು ಕೆಳಗೆ ಹೊರಡುತ್ತದೆ, ನಡುದಾರಿಯಲ್ಲಿ ಅಕ್ಕಪಕ್ಕ ದಾಟುತ್ತವೆ. ಅತ್ತೆಯ ಏರ್ಪಾಡು ಹೀಗಿತ್ತು: ಇಬ್ಬರೂ ಮೊದಲು ಹೋಗಿ ಮೇಲಿನ ಬಾಲ್ಕನಿಯಲ್ಲಿ ನಿಂತಿರಬೇಕು, ನಾವು ಮೂವರು ಮುಂದಿನದರಲ್ಲಿ ಬಂದು ಸೇರಿಕೊಳ್ಳುವುದು. ತಂಗಿ ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಹತ್ತಿದಳು. ಬಾಗಿಲು ಮುಚ್ಚಿತು. ಅವರಿಬ್ಬರೂ ಒಂದೇ ಕಂಬವನ್ನು ಆಚೆ ಈಚೆ ಹಿಡಿದು ನಿಂತದ್ದು ಕಂಡಿತು. ಕಾರು ಮೆಲ್ಲಗೆ ಮೇಲೆದ್ದು, ಎತ್ತರದ ಗೋಪುರವೊಂದರ ಹತ್ತಿರ ಹೋಗಿ, ಅದನ್ನು ದಾಟುವಾಗ ತೊಟ್ಟಿಲಿನ ಹಾಗೆ ಹಿಂದಕ್ಕೂ ಮುಂದಕ್ಕೂ ಜೋಲಿ ಹೊಡೆಯಿತು. ಕೆಳಗೆ ನಿಂತ ನಾನೇ ಅಯ್ಯೋ ಎಂದೆ. ಗೋಪುರದ ಹತ್ತಿರ ಅದು ಹಾಗೇ ಮಾಡೋದು ಎಂದರು ಅತ್ತೆ.

ಇಳಿದು ಬಂದ ಕಾರಿನಿಂದ ಒಬ್ಬ ನರ್ಸ್ ಇಳಿದಳು, ನಾವು ಮೂವರು ಹತ್ತಿದೆವು. ನಮ್ಮ ಜೊತೆ ನಡೆಸುವವನು ಬಿಟ್ಟು ಯಾರೂ ಇಲ್ಲ. ಅತ್ತೆ ಕಂಬ ಹಿಡಿಯದೆ ಕಾಲಗಲಿಸಿ ಕಂಡಕ್ಟರಿನ ಹಾಗೆ ನಿಂತು, ಬಲಗಡೆಗೆ ಬರುವ ಹಿಮದ ಬೆಟ್ಟ, ಕೆಳಗಿನ ಹೊಳೆ, ಸೇತುವೆಗಳನ್ನು ಹುಡುಗನ ತಾಯಿಗೆ ತೋರಿಸತೊಡಗಿದರು. ನಾನು ಯಾರ ಮನೆಯದೋ ಹಿತ್ತಲನ್ನು ನೋಡುತ್ತಿದ್ದೆ. ಮೇಲಿನಿಂದ ಜನರ ಹಿತ್ತಲು ನೋಡುವುದಕ್ಕೆ ಏನೋ ನಾಚಿಕೆ. ಒಣಹಾಕಿದ ಚಾಪೆ, ಮಕ್ಕಳ ಸೈಕಲ್ಲು, ಟೊಮೇಟೊ ಗಿಡಕ್ಕೆ ಕಟ್ಟಿದ ಕೋಲು. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಕಾರು ಇಳಿದು ಬಂತು. ಅದರ ಗಾಜಿನಲ್ಲಿ ನನ್ನ ತಂಗಿ.

ಒಬ್ಬಳೇ ನಿಂತಿದ್ದಳು. ಗಾಜಿಗೆ ಹಣೆ ತಾಗುವಷ್ಟು ಹತ್ತಿರ ಬಂದು ಕೆಳಗೆ ನೋಡುತ್ತಿದ್ದಳು. ಹಿಂದೆ ನಡೆಸುವವನ ಟೋಪಿ ಕಂಡಿತು. ಹುಡುಗ ಇರಲಿಲ್ಲ. ನಾನು ಕೈ ಎತ್ತಿದೆ. ಅವಳು ನನ್ನನ್ನು ನೋಡಿದಳು, ಖಂಡಿತ ನೋಡಿದಳು, ಆದರೆ ಕೈ ಬೀಸಲಿಲ್ಲ. ಎರಡು ಕಾರುಗಳೂ ದಾಟಿಹೋದವು.

ನನ್ನ ಮನಸ್ಸಿನಲ್ಲಿ ಆಗಲೇ ಎಲ್ಲ ಮುಗಿದಿತ್ತು. ಮೇಲೆ ಹೋಗಿ ಏನೋ ಅಂದಿದ್ದಾನೆ, ಇವಳು ಏನೋ ಅಂದಿದ್ದಾಳೆ, ಅವನು ಅತ್ತ ನಡೆದಿದ್ದಾನೆ, ಇವಳು ಇತ್ತ ಇಳಿದು ಹೋಗುತ್ತಿದ್ದಾಳೆ. ಕೊನೆಯ ಸಲವೂ ಹೋಯಿತು. ಅಮ್ಮನಿಗೆ ಏನು ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ.

"ಅಕ್ಕಾರ, ನನ್ನ ಮಗಾ ಕಾಣ್ಲಿಲ್ಲಲ್ರೀ" ಎಂದರು ಹುಡುಗನ ತಾಯಿ, ಸಣ್ಣ ದನಿಯಲ್ಲಿ.

ಮೇಲೆ ಇಳಿದು ಬಾಲ್ಕನಿಗೆ ಓಡಿದೆವು. ಯಾರೂ ಇಲ್ಲ. ಬಾಲ್ಕನಿಯ ಹಿಂದೆಯೇ ಆಸ್ಪತ್ರೆಯ ಕಟ್ಟಡ, ಒಳಗೆ ಉದ್ದಕ್ಕೆ ಓಣಿಯಂಥ ಹಾದಿ. ಸಲೈನ್ ಕಂಬ ತಳ್ಳಿಕೊಂಡು ಒಬ್ಬ ಮುದುಕ ಬಿಸಿಲಿಗೆ ಬಂದು ನಿಂತಿದ್ದ. ಹುಡುಗನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ತಂಗಿಗೆ ಮಾಡಿದೆ, ನನ್ನ ಹೆಗಲಿನ ಮೇಲಿದ್ದ ಅವಳ ಬ್ಯಾಗಿನೊಳಗೇ ಫೋನು ಹೊಡೆದುಕೊಂಡಿತು. ತಾಯಿ ಓಣಿಯೊಳಗೆ ಹೋಗಿ ಎದುರಿಗೆ ಬಂದವರಿಗೆಲ್ಲ ಕನ್ನಡದಲ್ಲೇ, ಎತ್ತರದಾಂವ, ನೀಲಿ ಅಂಗಿ ಎಂದು ಕೈಯಲ್ಲಿ ಅಳತೆ ತೋರಿಸಿ ಕೇಳುತ್ತಿದ್ದರು. ನಾನು ಹಿಂದೆಯೇ ಹೋಗಿ ಅವರನ್ನು ಕರೆತಂದೆ. ಬಾಲ್ಕನಿಗೆ ಬಂದವರು ಗೋಡೆಗೆ ಒರಗಿದರು.

"ಅವಂಗ ಎತ್ತರ ಆಗಿ ಬರೂದಿಲ್ರೀ. ಸಣ್ಣಾಂವ ಇದ್ದಾಗಿಂದ. ಹೇಳಬ್ಯಾಡ ಅಂತ ನಾನ ಅಂದಿದ್ದೆ. ಹಿಂದಕ ಒಂದ ಹೆಣ್ಣಿನ ಕಡೆಯವರು, ಗಂಡಸಾಗಿ ಹಿಂಗ ಅಂಜತಾನಲ್ಲ ಅಂತ ನಕ್ಕ ಬಿಟ್ಟಿದ್ರು."

ಆಗ ನನ್ನ ಹೆದರಿಕೆ ಬೇರೆ ದಾರಿ ಹಿಡಿಯಿತು. ಬಿಟ್ಟು ಹೋದನೇ ಎಂಬುದರ ಬದಲು, ಬಿದ್ದುಹೋದನೇ. ಎದೆ ಹಿಡಿದುಕೊಂಡು ಎಲ್ಲಾದರೂ ಕುಸಿದಿದ್ದರೆ? ಆ ಓಣಿಯ ಯಾವುದೋ ಬಾಗಿಲ ಹಿಂದೆ ಮಲಗಿಸಿದ್ದರೆ? ತಂಗಿ ಕೈ ಬೀಸದೆ ನಿಂತಿದ್ದು ಅದಕ್ಕೇ ಇದ್ದರೆ? ಆ ತಾಯಿಯ ಮೇಲೆ ಸಿಟ್ಟು ಬಂತು, ಮರುಕ್ಷಣ ಅವರ ಮುಖ ನೋಡಿ ಹೋಯಿತು.

ಅತ್ತೆಯ ಕಡೆ ತಿರುಗಿದೆ. ನನ್ನ ಮಣಿಕಟ್ಟನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಷ್ಟು ವರ್ಷದಲ್ಲಿ ಅತ್ತೆ ಗಾಬರಿಯಾದದ್ದನ್ನು ನೋಡಿದ್ದು ಅದೊಂದೇ ಸಲ. ಆ ತಾಯಿಗೆ ಅವರು ಒಂದು ಬಿರುಸು ಮಾತು ಹೇಳಲಿಲ್ಲ. ನೀವು ಹೇಳಿದ್ದಿದ್ರೆ ದೋಣಿಗೆ ಕರ್ಕೊಂಡು ಹೋಗ್ತಿದ್ದೆ ಕಣಮ್ಮ, ನಾನೂ ಕೇಳಲಿಲ್ಲ ಎಂದರು, ಅಷ್ಟೇ. ಮುಂದಿನ ಕಾರು ಬರುವವರೆಗೆ ಕಟ್ಟೆಯ ಮೇಲೆ ಕೂತರು. ಆಗ ನನಗೊಬ್ಬಳಿಗೇ ಕೇಳುವ ಹಾಗೆ ಒಂದು ಹುಡುಗಿಯ ವಿಷಯ ಹೇಳಿದರು. ಅವರು ಮಾಡಿಸಿದ ಮೊದಮೊದಲ ಮದುವೆಗಳಲ್ಲಿ ಅದೊಂದು. ಅವರ ಮನೆಯ ಸೋಫಾದ ಮೇಲೇ ಕೂತು ಎಲ್ಲರೂ ಒಪ್ಪಿದ್ದು. ಹುಡುಗ ಎಷ್ಟು ನಯವಾಗಿ ಮಾತಾಡಿದನೆಂದರೆ, ಅವನು ಹೋದ ಮೇಲೆ ಅತ್ತೆಯೂ ಅವರ ಗಂಡನೂ ಅವನನ್ನೇ ಹೊಗಳುತ್ತಾ ಊಟ ಮಾಡಿದರಂತೆ. ಮುಂದಿನ ಚಳಿಗಾಲದಲ್ಲಿ ಆ ಹುಡುಗಿ ಒಂದು ಚೀಲ ಹಿಡಿದುಕೊಂಡು ಅತ್ತೆಯ ಬಾಗಿಲಿಗೆ ಬಂದಳು. ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ.

"ನಮ್ಮನೇಲೇ ಇಟ್ಕೊಂಡಿದ್ದೆ, ಅವಳು ಕಾಲ ಮೇಲೆ ನಿಲ್ಲೋ ತನಕ. ಒಂದು ದಿನಾನೂ ನನ್ನ ಬೈಲಿಲ್ಲ ಕಣೇ. ಬೈದಿದ್ರೆ ಚೆನ್ನಾಗಿತ್ತು."

ಇಂಥ ದಿನದ ಹಿಂದಿನ ರಾತ್ರಿ ಇವತ್ತಿಗೂ ನಿದ್ದೆ ಬರುವುದಿಲ್ಲ ಎಂದರು. ದೋಣಿ, ಟ್ರಾಮು, ಖಾಲಿ ಗಾಡಿಯ ಮೇಲಿನ ಮರುಕ, ಇದನ್ನೆಲ್ಲ ನಾವು ಅತ್ತೆಯ ಹುಚ್ಚು ಎಂದುಕೊಂಡು ನಗುತ್ತಿದ್ದೆವು.

ಕೆಳಗಿಳಿಯುವ ದಾರಿ ಹತ್ತಿದ್ದಕ್ಕಿಂತ ಉದ್ದವಾಯಿತು. ಗೋಪುರದ ಹತ್ತಿರ ಕಾರು ಜೋಲಿ ಹೊಡೆದಾಗ ಹುಡುಗನ ತಾಯಿ ಕಣ್ಣು ಮುಚ್ಚಿ, ಇದರಾಗ ಕೂಸು ಹೆಂಗ ನಿಂತಿತ್ತೋ ಎಂದು ಗೊಣಗಿದರು. ನಲವತ್ತು ದಾಟಿದ ಕೂಸು. ನನಗೆ ನಗು ಬರಲಿಲ್ಲ.

ಇಳಿದು ಹೊರಗೆ ಬಂದು ನೋಡಿದರೆ, ರಸ್ತೆಯ ಆಚೆ ಮರದ ಕೆಳಗಿನ ಹುಲ್ಲಿನ ಮೇಲೆ ಇಬ್ಬರೂ ಕೂತಿದ್ದರು. ಹುಡುಗ ಶೂ, ಕಾಲುಚೀಲ ಕಳಚಿ ಪಾದಗಳನ್ನು ನೆಲಕ್ಕೆ ಒತ್ತಿಕೊಂಡಿದ್ದ. ಮುಖ ಬಿಳುಚಿತ್ತು. ತಂಗಿಯೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು ಏನೋ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ನಮ್ಮನ್ನು ಕಂಡವನೇ ಏಳಲು ಹೋದ. ತಂಗಿ ಅವನ ತೋಳು ಹಿಡಿದು ಕೂರಿಸಿದಳು.

ತಾಯಿ ಹತ್ತಿರ ಹೋಗಿ ಮಗನ ತಲೆ, ಕೆನ್ನೆ ಮುಟ್ಟಿ ನೋಡಿದರು. ಜೀವ ಬಂದ ಮೇಲೆ ಅವರಿಗೆ ನಾಚಿಕೆ ಬಂತು. ಏಳೋ, ಮಂದಿ ಮುಂದ ಹಿಂಗ ಕೂಡ್ತಾರೇನು, ಮಾನಾ ಕಳದಿ ಎಂದು ತೋಳು ಎಳೆದರು. ಅವನು ಏಳಲಿಲ್ಲ. ನನ್ನ ಕಡೆ ನೋಡಿ ಹೇಳಿದ:

"ಅಕ್ಕಾರ, ನಾ ಕಾರಿನಾಗ ನೆಲದ ಮ್ಯಾಲ ಕೂತಿದ್ದೆ. ನಿಮಗ ಕಂಡಿರ್ಲಿಕ್ಕಿಲ್ಲ. ನಂಗ ಎತ್ತರ ಅಂದ್ರ ಭಾಳ ಅಂಜಿಕಿರೀ. ಮೊದಲ ಹೇಳಬೇಕಿತ್ತು. ತಪ್ಪಾತು."

ಅತ್ತೆ ಬ್ಯಾಗು ಕೆಳಗಿಟ್ಟು, ಮಂಡಿಗೆ ಕೈಕೊಟ್ಟು, ನಿಧಾನವಾಗಿ ಅವರ ಎದುರಿಗೇ ಹುಲ್ಲಿನ ಮೇಲೆ ಕೂತರು. ಕೂತು, ಹುಡುಗನ ತಾಯಿಯ ಸೀರೆ ಸೆರಗು ಎಳೆದು, ನೀವೂ ಕೂತ್ಕೊಳಿ ಬೀಗರೇ, ಇಲ್ಲಿ ನೆಲ ಗಟ್ಟಿಯಾಗಿದೆ ಎಂದರು. ಇನ್ನೂ ಏನೂ ಆಗಿರಲಿಲ್ಲ, ಬೀಗರು ಎಂದುಬಿಟ್ಟರು. ತಂಗಿಯ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ಅತ್ತೆಯ ಬ್ಯಾಗಿನಿಂದ ಪುಳಿಯೋಗರೆಯ ಪೊಟ್ಟಣಗಳು ಹೊರಬಂದವು. ಮರದ ಕೆಳಗೆ ಐದೂ ಜನ ಕೈಯಲ್ಲೇ ತಿಂದೆವು. ತಲೆಯ ಮೇಲೆ ಆ ಕಾರುಗಳು ಖಾಲಿಯಾಗಿ ಹೋಗಿ ಬಂದು ಮಾಡುತ್ತಿದ್ದವು. ಹುಡುಗ ಒಮ್ಮೆಯೂ ಕತ್ತೆತ್ತಲಿಲ್ಲ.

ನಡೆದದ್ದನ್ನು ತಂಗಿ ಹೇಳಿದ್ದು ವಾಪಸು ಬರುವಾಗ ಕಾರಿನಲ್ಲಿ. ಗೋಪುರದ ಹತ್ತಿರ ಜೋಲಿ ಹೊಡೆದದ್ದೇ ತಡ ಅವನು ಕಂಬ ಹಿಡಿದುಕೊಂಡೇ ಕೆಳಗೆ ಕೂತನಂತೆ. ನನಗೆ ಭಾಳ ಅಂಜಿಕಿ ಆಗ್ಲಿಕತ್ತದ್ರೀ, ಮುಟ್ಟೂ ತನಕ ನೀವು ಏನರೆ ಮಾತಾಡ್ತಾ ಇರ್ರಿ ಎಂದನಂತೆ. ಏನು ಮಾತಾಡುವುದು ಎಂದು ತೋಚದೆ ಇವಳು ಬಿಸಿಬೇಳೆಭಾತಿನ ಪುಡಿ ಮಾಡುವುದು ಹೇಗೆಂದು ಹೇಳಲು ಹೊರಟಳು. ಅಡುಗೆಮನೆಯಲ್ಲಿ ನನ್ನ ತಂಗಿಗೆ ಗೊತ್ತಿರುವುದು ಪಾತ್ರೆ ಒರೆಸುವುದೊಂದೇ. ನೆಲದ ಮೇಲೆ ಕಣ್ಣು ಮುಚ್ಚಿ ಕೂತವನು, ಅದಕ್ಕ ಮೆಂತೆ ಹಾಕೂದಿಲ್ಲೇನ್ರೀ ಎಂದು ಕೇಳಿದನಂತೆ. ಮೇಲೆ ತಲುಪಿದಾಗ ಇಳಿಯುವುದಾ ಎಂದರೆ, ಇಳಿದು ಆ ಬಾಲ್ಕನಿ ಕಂಡರೆ ಮತ್ತೆ ಇದರೊಳಗೆ ಕಾಲಿಡುವುದಿಲ್ಲ, ಹಾಗೇ ವಾಪಸು ಹೋಗಿಬಿಡೋಣ ಎಂದ. ಇಳಿಯುವಾಗ ಎಲ್ಲಿಗೆ ಬಂದೆವು ಎಂದು ಹೇಳುತ್ತಿರಿ ಎಂದ. ಅದಕ್ಕೇ ಅವಳು ಗಾಜಿನ ಹತ್ತಿರ ನಿಂತು ಕೆಳಗೆ ನೋಡುತ್ತಾ, ಈಗ ಹೈವೇ ಬಂತು, ಈಗ ಒಂದು ಕೆಂಪು ಮನೆ ಬಂತು ಎಂದು ಒಂದೊಂದೇ ಹೇಳುತ್ತಿದ್ದದ್ದು.

ನನ್ನನ್ನು ನೋಡಿಯೂ ಕೈ ಬೀಸಲಿಲ್ಲವಲ್ಲ ಎಂದೆ.

"ಕೈ ಬೀಸಿದ್ರೆ ಯಾರು ಅಂತ ಅವ್ರು ಎದ್ದು ನೋಡೋರು, ಅಕ್ಕ."

ಅತ್ತೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, ಹುಡುಗ ಹೇಗನ್ನಿಸಿದ ಎಂದು ಕೇಳಿದರು. ತಂಗಿ ಹೇಳಿದ್ದು ಒಂದೇ ಮಾತು.

"ಭಯ ಆಗ್ತಿದೆ ಅಂತ ಬಾಯಿ ಬಿಟ್ಟು ಹೇಳೋ ಗಂಡಸನ್ನ ನಾನು ನೋಡೇ ಇರಲಿಲ್ಲ ಅತ್ತೆ."

ಒಪ್ಪಿಗೆ ಎಂದು ಅವತ್ತು ಹೇಳಲಿಲ್ಲ. ಎರಡು ಮೂರು ತಿಂಗಳು ಫೋನಿನಲ್ಲಿ ಮಾತಾಡಿದರು. ಅಷ್ಟೂ ದಿನ ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದೇನೆ. ಅತ್ತೆಗೆ ದಿನಾ ಫೋನ್ ಮಾಡಿ, ಏನಾದರೂ ಗೊತ್ತಾಯಿತಾ ಎಂದು ಕೇಳುವುದು, ಅವರು ಅಕ್ಕಿ ಬೇಯೋ ತನಕ ಮುಚ್ಚಳ ತೆಗೀಬೇಡ ಎಂದು ಗದರುವುದು. ಮದುವೆ ಅತ್ತೆಯ ಮನೆಯ ಹಿತ್ತಲಿನಲ್ಲೇ ಆಯಿತು. ಅಮ್ಮ ಮೈಸೂರಿನಿಂದ ಬಂದು, ಅತ್ತೆಯ ಕಾಲಿಗೆ ಬೀಳಲು ಹೋದಾಗ ಅತ್ತೆ ಒಳಗೆ ಓಡಿಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು.

ಈಗ ತಂಗಿಯೂ ಗಂಡನೂ ನಮಗೆ ಹತ್ತಿರದ ಸ್ನೊಕ್ವಾಲ್ಮಿಯಲ್ಲಿದ್ದಾರೆ. ಮನೆ ನೋಡುವಾಗ ಅವನು, ಮಹಡಿ ಬ್ಯಾಡ್ರೀ ಎಂದು ಏಜೆಂಟನಿಗೆ ಮೊದಲೇ ಹೇಳಿಬಿಟ್ಟ. ತಂಗಿ ಅದನ್ನು ನಮಗೆಲ್ಲ ಹೇಳಿಕೊಂಡು ನಗುತ್ತಾಳೆ. ಅವನೂ ನಗುತ್ತಾನೆ. ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ಚಪ್ಪಲಿ ಬಿಡುವ ಮೊದಲೇ ಹೇಳುತ್ತಾನಂತೆ, ಕೇಳೀ ಕೇಳೀ ನನಗೇ ಸಾಕಾಗಿದೆ ಎನ್ನುತ್ತಾಳೆ.

ಅತ್ತೆಗೆ ಬಂದದ್ದು ಬರೀ ನೆಗಡಿ. ಅದು ಎದೆಗಿಳಿದು ಆಸ್ಪತ್ರೆ ಸೇರಿಸಬೇಕಾಯಿತು. ಕೋಣೆ ಬಹಳ ಮೇಲಿನ ಮಹಡಿಯಲ್ಲಿತ್ತು. ಒಂದು ಗೋಡೆಯಷ್ಟೂ ಗಾಜು, ಕೆಳಗೆ ಊರು, ಆಚೆ ಸಮುದ್ರ. ನನ್ನ ತಂಗಿಯ ಗಂಡ ದಿನಾ ಸಂಜೆ ಆಫೀಸು ಮುಗಿಸಿ ಬರುತ್ತಿದ್ದ. ಬಾಗಿಲಲ್ಲೇ ನಿಂತು, ಅತ್ತಿ, ಇಲ್ಲಿ ಭಾಳ ಎತ್ತರ ಅದ, ನಂಗ ಅಂಜಿಕಿ ಬರ್ತದ ಎಂದು ಹೇಳಿ, ಗೋಡೆ ಹಿಡಿದುಕೊಂಡು ಹೆಜ್ಜೆಯಿಡುತ್ತಾ ಅವರ ಮಂಚದವರೆಗೆ ಬಂದು ಕೂರುತ್ತಿದ್ದ. ಬರಬೇಡ ಎಂದು ನಾನೂ ಹೇಳಿದೆ, ತಂಗಿಯೂ ಹೇಳಿದಳು. ಅಂಜಿಕಿ ಬರ್ತದ ಅಂದೆ, ನಾ ಬರೂದಿಲ್ಲ ಅಂತ ಎಲ್ಲಿ ಅಂದೆ ಎಂದ. ಅತ್ತೆ ಮೂಗಿಗೆ ಆಮ್ಲಜನಕದ ನಳಿಗೆ ಇದ್ದಂತೆಯೇ ಕೈ ಸನ್ನೆ ಮಾಡಿ ನನಗೆ ಪರದೆ ಎಳೆಯಲು ಹೇಳುವರು. ನಾನು ಎಳೆಯುತ್ತಿದ್ದೆ. ಸಮುದ್ರ ಕಾಣದಿದ್ದರೆ ಬೇಜಾರಿಲ್ವಾ ಅತ್ತೆ ಎಂದು ಒಮ್ಮೆ ಕೇಳಿದೆ.

"ಅದೆಲ್ಲಿಗೂ ಹೋಗಲ್ಲ. ಇವನು ಆರಾಮಾಗಿ ಕೂತ್ಕೊಳಲಿ."

ಅವರು ನನ್ನ ಹತ್ತಿರ ಪೂರ್ತಿಯಾಗಿ ಆಡಿದ ಕೊನೆಯ ಮಾತು ಅದು. ಮರುದಿನ ಮಧ್ಯಾಹ್ನ, ಮಗ ಸೊಸೆ ಪಕ್ಕದಲ್ಲಿದ್ದಾಗ ಹೋದರು.

ಇವತ್ತು ಅವರ ಮನೆಯ ಸಾಮಾನು ಕಟ್ಟುವುದಕ್ಕೆ ತಂಗಿ, ಅವಳ ಗಂಡ, ಮಗಳು ಮೂವರೂ ಬಂದಿದ್ದರು. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸುವುದಕ್ಕೆ ನಾನೇ ಏಣಿ ಹತ್ತಿದೆ, ಅವನು ಕೆಳಗೆ ನಿಂತು ಏಣಿ ಹಿಡಿದುಕೊಂಡ. ಮುಗಿಸಿಕೊಂಡು ಎಲ್ಲರೂ ನಮ್ಮ ಮನೆಗೇ ಬಂದೆವು. ಯಾರಿಗೂ ಹೆಚ್ಚು ಮಾಡುವ ಶಕ್ತಿ ಇರಲಿಲ್ಲ. ಅನ್ನ, ತಿಳಿಸಾರು, ಒಲೆಯ ಮೇಲೆ ಸುಟ್ಟ ಹಪ್ಪಳ. ತಂಗಿಯ ಗಂಡ ಸಾರು ಬಡಿಸಿಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡ. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಪ್ಪಳ ಮುರಿದು ಕೊಡುತ್ತಿದ್ದ ಹಾಗೆಯೇ ತಂಗಿ ತಟ್ಟೆ ಪಕ್ಕಕ್ಕೆ ಸರಿಸಿ, ಕೈ ತೊಳೆದು ಬಂದು, ಅವನ ಬೆನ್ನಿಗೆ ಒರಗಿಕೊಂಡು, ನಾವು ಇನ್ನೂ ಮಾತಾಡುತ್ತಿರುವಾಗಲೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.